ಹೆಸರು ಹೇಳು

ಕುಕ್ಕುಂದೂರಿನ ವಾಮನ ಕೊನೆಯ ದಿನ ಬೆಳಿಗ್ಗೆಯೂ ಟೀವಿಯ ಜತೆ ಜಗಳವಾಡಿಯೇ ಕೆಲಸಕ್ಕೆ ಹೊರಟ. ವಾರ್ತೆಗೆ ಮೊದಲು ಹೆಗಲ ಬೈರಾಸಿನಿಂದ ಟೀವಿಯ ಗಾಜು ಒರೆಸುವನು. ವಾರ್ತೆಯವಳು ನಮಸ್ಕಾರ ಎಂದರೆ ತಾನೂ ಕೈಮುಗಿಯುವನು. ಆಮೇಲೆ ಬೈಯಲು ತೊಡಗುವನು. ಮಂತ್ರಿ ಕಂಡರೆ, “ಸಾಕು, ಹೋಗು ಮಾರಾಯ.” ಕರಾವಳಿಯಲ್ಲಿ ಒಣಹವೆ ಎಂದರೆ ಕಿಟಕಿ ತೆರೆದು ಅವಳಿಗೆ ಮಳೆ ತೋರಿಸುವನು. “ಗಂಜಿ ಆರ್ತದೆ. ಅವಳಿಗೆ ಕಣ್ಣುಂಟಾ?” ಎಂದು ಹೆಂಡತಿ ಗುಲಾಬಿ ನಗುವಳು. ಎಲ್ಲೋ ಹತ್ತು ಜನ ಸತ್ತರೆಂದು ಕೇಳಿದರೆ ಮಾತ್ರ ಅವನ ಉಣ್ಣುವ ಕೈ ನಿಲ್ಲುತ್ತಿತ್ತು. “ಹತ್ತು ಅಂದರೆ ಎಂತ, ತೆಂಗಿನಕಾಯಿಯಾ? ಹೆಸರು ಹೇಳು.” ಆ ಕೊನೆಯ ದಿನ ಸಂಜೆ ಕಾಪುವಿನ ಹತ್ತಿರ ಅವನಿದ್ದ ಬಸ್ಸು ಮಗುಚಿತು. ಮರುದಿನ ವಾರ್ತೆಯವಳು ಮೂವರು ಸತ್ತರು ಎಂದಷ್ಟೇ ಹೇಳಿ ಮುಂದೆ ಹೋದಳು. ನೆರೆಮನೆಯ ಮೋಹಿನಿ ಟೀವಿ ಆರಿಸಲು ಎದ್ದಳು. “ನೋಡಬೇಡಿ ಅಕ್ಕಾ.” “ಇರಲಿ,” ಎಂದಳು ಗುಲಾಬಿ. ಗಂಡನ ಹೆಸರು ಹೇಳಬಾರದೆಂದು ಮದುವೆಯಾದಂದಿನಿಂದ ಅವಳು “ನಮ್ಮವರು” ಎಂದೇ ಕಾಲ ಕಳೆದವಳು. ಈಗ ಎದ್ದು ಗಾಜಿನ ಮುಂದೆ ನಿಂತು, ತುಂಬಿದ ಮನೆಗೆ ಕೇಳುವಂತೆ, “ವಾಮನ” ಎಂದಳು. ಇಂದಿಗೂ ಬೆಳಿಗ್ಗೆ ಒಲೆಯ ಮೇಲೆ ಗಂಜಿ ಇಟ್ಟು, ವಾರ್ತೆಗೆ ಮೊದಲು, ಅದೇ ಬೈರಾಸಿನಿಂದ ಗಾಜು ಒರೆಸುತ್ತಾಳೆ.