ಸಣ್ಣ ಉಸಿರಿನ ಮೊಲಗಳು

ನಮ್ಮದು ಲಕ್ಷ್ಮೇಶ್ವರದಲ್ಲಿ ಗಾದಿ ಮಾಡುವ ಮನೆತನ. ಹತ್ತಿ ಹಿಂಜಿ ಹಿಂಜಿ ಅಪ್ಪನ ಶ್ವಾಸಕೋಶ ಮೊದಲೇ ಸೋತಿತ್ತು. ಹೋದ ವರ್ಷ ಅದರ ಮೇಲೆ ನ್ಯುಮೋನಿಯಾ ಬಂತು. ಗದಗಿನ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿ ವೆಂಟಿಲೇಟರ್ ಹಚ್ಚಿದರು. ಮನೆಯಲ್ಲಿ ಆ ಯಂತ್ರದ ಪರಿಚಯ ಇದ್ದದ್ದು ನನಗೊಬ್ಬಳಿಗೇ. ದೂರದ ವೈದ್ಯಕೀಯ ಕಾಲೇಜೊಂದರ ಪ್ರಯೋಗಾಲಯದಲ್ಲಿ, ಅರಿವಳಿಕೆ ಕೊಟ್ಟ ಮೊಲಗಳಿಗೆ ಅಂಥದೇ ಯಂತ್ರ ಹಚ್ಚುವುದು ನನ್ನ ನೌಕರಿಯಾಗಿತ್ತು.

ಗಾಜಿನಾಚೆ ಮಲಗಿದ್ದ ಅಪ್ಪನ ಎದೆ ಏಳುತ್ತಿದ್ದದ್ದು ಕಂಡೂ ಕಾಣದಷ್ಟು. ಅದನ್ನು ನೋಡಿ ಅಣ್ಣ ಕುದಿದುಹೋದ. ಹತ್ತಿಯನ್ನು ಒತ್ತಿ ತುಂಬದಿದ್ದರೆ ಗಿರಾಕಿಗೆ ಮೋಸ ಎಂದು ನಂಬಿ ಬೆಳೆದವನು ಅವನು.

"ಹವಾ ಜಾಸ್ತಿ ಮಾಡ್ರಿ ಸಾಹೇಬ್ರ, ನಮ್ಮಪ್ಪನ ಎದಿ ಅರ್ಧಾನೂ ಏಳವಲ್ದು" ಎಂದು ಡಾಕ್ಟರ ಬೆನ್ನು ಬಿದ್ದ. ಅವರು ಆಗದು ಎಂದರು. ಬೇರೆ ಆಸ್ಪತ್ರೆಗೆ ಒಯ್ಯುತ್ತೇನೆಂದು ಗಾಡಿಗೆ ಫೋನ್ ಮಾಡತೊಡಗಿದ. ಆಗ ಕದಲಿಸಿದ್ದರೆ ಅಪ್ಪ ದಾರಿಯಲ್ಲೇ ಹೋಗುತ್ತಿದ್ದ.

ನಾನು ಫೋನ್ ಕಸಿದುಕೊಂಡೆ. "ದೊಡ್ಡ ದೊಡ್ಡ ಉಸುರು ತುಂಬಿದ ಮೊಲದ ಪುಪ್ಪಸ ಒಳಗ ಹರದು, ನೀರು ತುಂಬಿ, ತೊಯ್ದ ಹತ್ತಿಗತೆ ವಜ್ಜಿ ಆಗಿರ್ತಿತ್ತು, ಅಣ್ಣಾ. ಸಣ್ಣ ಉಸುರು ಕೊಟ್ಟ ಮೊಲದ್ದು ಅಷ್ಟು ಕೆಡ್ತಿರಲಿಲ್ಲ. ನಾ ಕೈಯಾಗ ಹಿಡದು ನೋಡೀನಿ."

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು" ಎಂದು ಚುಚ್ಚಿದ. ಆದರೂ ಗಾಡಿಯ ಮಾತು ಬಿಟ್ಟ. ತೊಯ್ದ ಹತ್ತಿ ಎಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಗೆದ್ದೆ ಅಂದುಕೊಂಡೆ. ಆ ಗೆಲುವಿಗಿಷ್ಟು ಬೆಂಕಿ ಹಾಕಲಿ! ಸಣ್ಣ ಉಸಿರು ಯಂತ್ರದ ಪೆಟ್ಟನ್ನು ಕಡಿಮೆ ಮಾಡುತ್ತದೆ, ಅಷ್ಟೇ. ರೋಗ ತನ್ನ ಪಾಡಿಗೆ ತಾನು ಮೇಯುತ್ತಲೇ ಇತ್ತು. ಅಪ್ಪ ದಿನದಿಂದ ದಿನಕ್ಕೆ ಇಳಿಯುತ್ತ ಹೋದ.

ಅವ್ವ ಮಾತ್ರ ಆ ಮೊಲಗಳನ್ನೇ ಹಿಡಿದು ಕೂತಳು. ಶಿರಹಟ್ಟಿಯಿಂದ, ಮುಳಗುಂದದಿಂದ ಬಂದು ದುವಾ ಮಾಡಿ ಹೋಗುವ ಬೀಗರಿಗೆಲ್ಲ, "ನನ್ನ ಮಗಳು ಮೊಲಕ್ಕ ಹಿಂಗ ಮಾಡಿ ನೋಡ್ಯಾಳ್ರಿ. ಇವರಿಗೂ ಆರಾಮ ಆಕೈತಿ" ಎನ್ನುತ್ತಿದ್ದಳು. ಅವರು ನನ್ನ ಮುಖ ನೋಡುವರು. ನನಗೆ ಎದ್ದು ಓಡಿಹೋಗಬೇಕು ಎನಿಸುತ್ತಿತ್ತು.

ಅಪ್ಪನ ಕೊನೆಯ ದಿನ ಮಧ್ಯಾಹ್ನ, ಕಿಡ್ನಿಯೂ ಕೈಕೊಟ್ಟಿದೆ ಎಂದು ಡಾಕ್ಟರು ಹೇಳಿಹೋದರು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಖರೇ ಹೇಳ ಯವ್ವಾ, ಸಣ್ಣ ಉಸುರು ಕೊಟ್ಟ ಮೊಲ ಎಷ್ಟ ದಿನಕ್ಕ ಎದ್ದು ಓಡ್ಯಾಡಿದ್ವು?"

ಒಂದೂ ಎದ್ದಿರಲಿಲ್ಲ. ಶ್ವಾಸಕೋಶ ಎಷ್ಟು ಕೆಟ್ಟಿದೆಯೆಂದು ಹೊರತೆಗೆದೇ ನೋಡಬೇಕಲ್ಲ. ಪ್ರಯೋಗ ಮುಗಿದ ಕೂಡಲೇ ಎಲ್ಲವನ್ನೂ, ದೊಡ್ಡ ಉಸಿರಿನವನ್ನೂ ಸಣ್ಣ ಉಸಿರಿನವನ್ನೂ, ಅರಿವಳಿಕೆಯಲ್ಲೇ ಕೊಲ್ಲುತ್ತಿದ್ದೆವು. ಕೊನೆಯ ಸೂಜಿ ಚುಚ್ಚುವ ಕೆಲಸ ನನ್ನದಾಗಿತ್ತು.

"ಜಲ್ದಿನ ಎದ್ವು, ಅವ್ವಾ" ಎಂದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಗಾಜಿಗೆ ಬಾಯಿ ಹಚ್ಚಿ, ಒಳಗಿದ್ದ ಅಪ್ಪನಿಗೆ ಕೇಳಲೆಂದು ಜೋರಾಗಿ ಕೂಗಿದಳು: "ಮೊಲ ಎಲ್ಲಾ ಎದ್ವಂತ್ರಿ! ಕೇಳಿದ್ರೇನು? ಎಲ್ಲಾ ಎದ್ವಂತ!"