ಒಂದೂವರೆ ಇಂಚಿನ ಪಂಪು

ನಮ್ಮ ಕಡೆ ಹೆಣ್ಣು ಕೊಡುವಾಗ ಹುಡುಗನ ಸಂಬಳವನ್ನು ಆಮೇಲೆ ಕೇಳುತ್ತಾರೆ. ಮೊದಲ ಪ್ರಶ್ನೆ, "ಬೋರಲ್ಲಿ ಎಷ್ಟಿಂಚು ನೀರದ?" ಕೊಳವೆಬಾವಿಯ ಬಾಯಿಂದ ಬೀಳುವ ನೀರು ಎಷ್ಟು ದಪ್ಪವೋ ಮನೆತನದ ಮರ್ಯಾದೆಯೂ ಅಷ್ಟು ದಪ್ಪ. ನನ್ನನ್ನೂ ತಮಿಳುನಾಡಿಗೆ ಸೇರಿದ ತಾಳವಾಡಿ ಪಕ್ಕದ ಈ ಊರಿಗೆ ಮೂರಿಂಚು ನೀರು ನೋಡಿಯೇ ಕೊಟ್ಟದ್ದು. ಮದುವೆಯಾದ ಮರುವರ್ಷವೇ ಅದು ಒಂದಿಂಚಿಗೆ ಇಳಿಯಿತು. ಗಂಡ ಮಾತ್ರ ಇಳಿಯದೆ ಹಾಗೇ ಇದ್ದಾನೆ, ಪುಣ್ಯ. ಆದರೆ ಅವತ್ತಿನಿಂದ ಯಾರಾದರೂ ಇಂಚಿನ ಮಾತೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹುಟ್ಟಿದಾಗಿನಿಂದ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕೂತಿದೆ.

ಊರಿನ ರೈತರು ಕೂಡಿ ಕಟ್ಟಿದ ಟೊಮೇಟೊ ಘಟಕದಲ್ಲಿ ನಾನು ಮೆಕ್ಯಾನಿಕ್. ಸತ್ಯಮಂಗಲದಲ್ಲಿ ಡಿಪ್ಲೊಮಾ ಓದಿ, ಕೊಯಮತ್ತೂರಿನ ಕಾರ್ಖಾನೆಯೊಂದರಲ್ಲಿ ಮೂರು ವರ್ಷ ಪಂಪುಗಳನ್ನು ಬಿಚ್ಚಿ ಜೋಡಿಸಿದವಳು. ಆ ಕೆಲಸವೆಂದರೆ ನನಗೆ ಪ್ರಾಣ. ಘಟಕದ ಅಧ್ಯಕ್ಷರು ನನ್ನ ಗಂಡನ ದೊಡ್ಡಪ್ಪ. ನಾನು ಅವರನ್ನು ಮಾವ ಎನ್ನುತ್ತೇನೆ. ಸೊಸೆಯೊಬ್ಬಳು ಕೈಯಲ್ಲಿ ಸ್ಪ್ಯಾನರ್ ಹಿಡಿದು ಗಂಡಸರಿಗೆ ಬುದ್ಧಿ ಹೇಳುವುದು ಅವರಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಇತ್ತು.

ಘಟಕದಲ್ಲಿ ನಡೆಯುವುದು ಇಷ್ಟು. ಟೊಮೇಟೊ ತೊಳೆದು, ಜಜ್ಜಿ, ಐನೂರು ಲೀಟರಿನ ಆವಿ ಹಂಡೆಯಲ್ಲಿ ಕುದಿಸುತ್ತಾರೆ. ಅದನ್ನು ಹತ್ತಡಿ ಎತ್ತರದ ಅಟ್ಟಣೆಯ ಮೇಲಿರುವ ಜರಡಿ ಯಂತ್ರಕ್ಕೆ ಸುರಿದರೆ ಸಿಪ್ಪೆ, ಬೀಜ ಒಂದು ಕಡೆ, ರಸ ಇನ್ನೊಂದು ಕಡೆ ಬೀಳುತ್ತದೆ. ಹಂಡೆಯಿಂದ ಅಟ್ಟಣೆಗೆ ಹೆಂಗಸರು ಬಕೆಟ್ಟಿನಲ್ಲಿ ಹೊರುತ್ತಿದ್ದರು. ಹಂಡೆ ನೋಡಿಕೊಳ್ಳುವ ಸೋಲಿಗರ ಅಕ್ಕ ಒಂದು ದಿನ ಮೆಟ್ಟಿಲಲ್ಲಿ ಜಾರಿ ಮೊಳಕೈವರೆಗೂ ಸುಟ್ಟುಕೊಂಡಳು. ಆಗ ಪಂಪು ತರಿಸಲೇಬೇಕೆಂದು ನಾನು ಹಟ ಹಿಡಿದೆ.

ಯಾವ ಪಂಪು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಗಾಳಿಯಿಂದ ನಡೆಯುವ ಡಯಾಫ್ರಾಮ್ ಪಂಪು. ಅದಕ್ಕೆ ಮೋಟಾರೇ ಇಲ್ಲ. ಒಳಗೆ ರಬ್ಬರಿನಂತೆ ಬಾಗುವ ಎರಡು ಪದರಗಳು, ನಡುವೆ ಅವನ್ನು ಕೂಡಿಸುವ ಒಂದು ಕಡ್ಡಿ. ಕಂಪ್ರೆಸರಿನ ಗಾಳಿ ಒಂದು ಪದರದ ಬೆನ್ನಿಗೆ ತುಂಬಿದರೆ ಅದು ರಸವನ್ನು ಆಚೆ ತಳ್ಳುತ್ತದೆ, ಅದೇ ಹೊತ್ತಿಗೆ ಇನ್ನೊಂದು ಪದರ ರಸವನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಪಾಳಿ ಬದಲು. ಕಮ್ಮಾರನ ಜೋಡಿ ತಿದಿಯ ಹಾಗೆ. ಹಂಡೆ ಖಾಲಿಯಾಗಿ ಬರೀ ಗಾಳಿ ಎಳೆದರೂ ಸುಟ್ಟುಹೋಗುವುದಿಲ್ಲ. ಮುಂದಿನ ಕೊಳವೆ ಕಟ್ಟಿಕೊಂಡರೆ ಸುಮ್ಮನೆ ನಿಲ್ಲುತ್ತದೆ, ಬಿಡಿಸಿದರೆ ಮತ್ತೆ ನಡೆಯುತ್ತದೆ. ಇಷ್ಟು ಒಳ್ಳೆಯ ಗುಣ ನಮ್ಮ ಮನೆಯಲ್ಲಿ ನನ್ನನ್ನೂ ಸೇರಿಸಿ ಯಾರಿಗೂ ಇಲ್ಲ.

"ಅದು ಎಷ್ಟು ಎಚ್‌ಪಿದು?" ಎಂದು ಮಾವ ಘಟಕದ ಸಮಿತಿಯ ಸಭೆಯಲ್ಲಿ ಕೇಳಿದರು.

"ಎಚ್‌ಪಿ ಇಲ್ಲ ಮಾವ. ಗಾಳಿಲಿ ನಡೀತದ."

"ಎಚ್‌ಪಿ ಇಲ್ದಿದ್ ಪಂಪ್ ಅದಾ ಎಲ್ಲಾದ್ರೂವಿ? ಓಗ್ಲಿ ಬುಡು, ಇಂಚು ಎಷ್ಟು?"

"ನಮಗ ಒಂದೂವರೆ ಇಂಚು ಸಾಕು."

ಸಭೆ ನಕ್ಕಿತು. ಒಂದೂವರೆ ಇಂಚು ಎಂದರೆ ನಮ್ಮ ಜನಕ್ಕೆ ಬತ್ತುತ್ತಿರುವ ಬೋರು, ಮಾರಲು ಬಂದ ಜಮೀನು. ಘಟಕದ ಹೆಸರಿಗೆ ಒಂದೂವರೆ ಇಂಚಿನ ಪಂಪು ತಂದರೆ ನಾಳೆ ಚಾಮರಾಜನಗರದ ನೆಂಟರ ಮುಂದೆ ತಲೆ ಎತ್ತುವುದು ಹೇಗೆ? ಮಾವ ನನ್ನನ್ನು ಒಂದು ಮಾತೂ ಕೇಳದೆ ವ್ಯಾಪಾರಿಗೆ ಫೋನು ಮಾಡಿ, ಪರೀಕ್ಷೆಗೆಂದು ಮೂರಿಂಚಿನದನ್ನು ತರಿಸಿಬಿಟ್ಟರು.

ಅದು ಬಂದ ದಿನ ಪೂಜೆ ಮಾಡಿ ಗಾಳಿ ಬಿಟ್ಟರು. ದಬ್, ದಬ್, ದಬ್ ಎಂದು ಕೊಳವೆಗಳೆಲ್ಲ ಗೋಡೆಯಿಂದ ಕಿತ್ತು ಬರುವ ಹಾಗೆ ಅಲ್ಲಾಡಿದವು. ನಮ್ಮ ಸಣ್ಣ ಕಂಪ್ರೆಸರಿನ ಗಾಳಿಯನ್ನೆಲ್ಲ ಅದು ಹೀರಿಕೊಂಡದ್ದರಿಂದ ಅದೇ ಗಾಳಿಯಿಂದ ನಡೆಯುವ ಪಕ್ಕದ ಪೊಟ್ಟಣ ತುಂಬುವ ಯಂತ್ರ ನಿಂತುಹೋಯಿತು. ಆಮೇಲೆ ಪಂಪೂ ನಿಂತಿತು. ಗಾಳಿ ಕಡಿಮೆ ಮಾಡಿ ನಡೆಸಿದರೆ ಅದು ಎಷ್ಟು ನಿಧಾನವಾಗಿ ಉಸಿರಾಡಿತೆಂದರೆ ಬೀಜ, ಸಿಪ್ಪೆ ಎಲ್ಲ ಆ ಅಗಲದ ಕೊಳವೆಯಲ್ಲೇ ತಳ ಸೇರಿದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಗಾದೆ ಹೇಳುವ ಊರಿನಲ್ಲೇ ನಡೆದದ್ದು ಇದು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ನಾನು ಮೊದ್ಲೇ ಏಳ್ನಿಲ್ವ?" ಎಂದು ಎಲ್ಲರೆದುರಿಗೂ ಅಂದುಬಿಟ್ಟೆ.

ಮಾವನ ಮುಖ ಕಪ್ಪಿಟ್ಟಿತು. "ಆಯ್ತು ಕಣವ್ವ, ನೀ ಏಳ್ದಂಗೇ ತರ್ಸು. ಅದೂ ನಡೀನಿಲ್ಲ ಅಂದ್ರ ಸತ್ಯಮಂಗಲದಿಂದ ಒಬ್ಬ ಇಂಜಿನಿಯರ್ನ ಕರ್ಸ್ತೀನಿ, ಆಗ್ಲೇ ಮಾತಾಡಿವ್ನಿ. ನೀನು ನೆಟ್ಟಗ ಒಲಕ್ಕ ಓಗಿ ಕಳೆ ಕೀಳು."

ಅವರು ತಮಾಷೆಗೆ ಹೇಳಿದ್ದಲ್ಲ. ಆ ಇಂಜಿನಿಯರನ ನಂಬರು ಅವರ ಫೋನಿನಲ್ಲಿ ಇತ್ತು. ಪಂಪು ನಡೆದರೆ ನನ್ನ ಕೆಲಸ ನನಗೆ, ನಿಂತರೆ ಇಲ್ಲ. ಕಳೆ ಕೀಳುವುದು ಹೀನವೆಂದು ನಾನು ಹೇಳುವುದಿಲ್ಲ, ಹುಟ್ಟಿದ ಮನೆಯಲ್ಲಿ ಬೇಕಾದಷ್ಟು ಕಿತ್ತಿದ್ದೇನೆ. ಆದರೆ ಯಂತ್ರದ ಸದ್ದು ಕೇಳಿ ಅದರ ಕಾಯಿಲೆ ಹೇಳುವ ಕೆಲಸವನ್ನು ನನ್ನಿಂದ ಕಿತ್ತುಕೊಳ್ಳುತ್ತಾರಲ್ಲ!

ಅಳುವ ಬದಲು ಅಳೆಯಲು ಕೂತೆ. ನಾನೂ ಸೋಲಿಗರ ಅಕ್ಕನೂ ಎರಡು ದಿನ ಹಂಡೆಯ ಪಕ್ಕದಲ್ಲೇ ಕಳೆದೆವು. ಐನೂರು ಲೀಟರು ಹತ್ತು ನಿಮಿಷದಲ್ಲಿ ಖಾಲಿಯಾಗಬೇಕು, ತಡವಾದರೆ ತಳ ಹಿಡಿಯುತ್ತದೆ. ಅಂದರೆ ನಿಮಿಷಕ್ಕೆ ಐವತ್ತು ಲೀಟರು. ಮಂದ ಎಷ್ಟು? ಅಕ್ಕ ಸೌಟು ಎತ್ತಿ ಸುರಿದು ನೋಡಿ, "ಅಂಬ್ಲಿಗಿಂತ ಗಟ್ಟಿ, ಇಡ್ಲಿ ಇಟ್ಟಿಗಿಂತ ತೆಳು" ಎಂದಳು. ಇದಕ್ಕಿಂತ ಚೆನ್ನಾಗಿ ಯಾವ ಪ್ರಯೋಗಶಾಲೆಯೂ ಹೇಳುತ್ತಿರಲಿಲ್ಲ. ಕೈಹಾಕಿ ಹುಡುಕಿ ಅತಿ ದೊಡ್ಡ ಸಿಪ್ಪೆ, ತೊಟ್ಟುಗಳನ್ನು ಆರಿಸಿ ಸ್ಕೇಲಿಟ್ಟು ಅಳೆದೆ. ಒಂದಿಂಚಿನ ಪಂಪಿನಲ್ಲಿ ಅವು ಸಿಕ್ಕಿಕೊಳ್ಳುತ್ತವೆ, ಒಂದೂವರೆಯಲ್ಲಿ ಹಾದುಹೋಗುತ್ತವೆ. ಎತ್ತರ ಹತ್ತಡಿ. ಅದಕ್ಕೆ ಕೊಳವೆಯ ಉದ್ದ, ನಾಲ್ಕು ತಿರುವು, ಮಂದ ರಸದ ಉಜ್ಜಾಟ ಎಲ್ಲ ಸೇರಿಸಿ ಇನ್ನಷ್ಟು ಎತ್ತರವೆಂದೇ ಲೆಕ್ಕ ಹಿಡಿದೆ.

ಪಂಪಿನ ಪುಸ್ತಕದಲ್ಲಿ ಬರೆದಿರುವ ದೊಡ್ಡ ಸಂಖ್ಯೆ ನೀರಿನದು, ಅದೂ ಗಾಳಿಯನ್ನು ಪೂರ್ತಿ ಬಿಟ್ಟು ಎದ್ದುಬಿದ್ದು ಓಡಿಸಿದಾಗ ಸಿಗುವುದು. ಹಾಗೆ ಓಡಿಸಿದರೆ ಪದರ ಬೇಗ ಹರಿಯುತ್ತದೆ. ಅರ್ಧ ವೇಗದೊಳಗೇ ನಮ್ಮ ಕೆಲಸ ಮುಗಿಸುವ ಅಳತೆಯನ್ನು ಆರಿಸಬೇಕು. ಪುಸ್ತಕದ ನಕ್ಷೆಯ ಗೆರೆಗಳ ಮೇಲೆ ಬೆರಳಿಟ್ಟು ನೋಡಿದೆ. ಒಂದೂವರೆ ಇಂಚಿನದು ಮೂರು ಬಾರ್ ಒತ್ತಡದಲ್ಲಿ ಆರಾಮವಾಗಿ ಸಾಗಿಸುತ್ತದೆ, ಪೊಟ್ಟಣದ ಯಂತ್ರಕ್ಕೂ ಗಾಳಿ ಉಳಿಯುತ್ತದೆ. ಟೊಮೇಟೊ ಹುಳಿ ಅಲ್ಯೂಮಿನಿಯಂ ತಿನ್ನುವುದರಿಂದ ಸ್ಟೀಲಿನ ಮೈ ಬೇಕೆಂದೆ. ಕುದಿಯುವ ರಸಕ್ಕೆ ಸಾದಾ ರಬ್ಬರು ತಡೆಯದು, ಟೆಫ್ಲಾನ್ ಪದರ ಬೇಕೆಂದೆ. ಬಿಸಿ ರಸವನ್ನು ಕೆಳಗಿನಿಂದ ಮೇಲಕ್ಕೆ ಹೀರು ಎಂದರೆ ದಾರಿಯಲ್ಲೇ ಆವಿಯಾಗಿ ಕೈಕೊಡುತ್ತದೆ, ಅದಕ್ಕೆ ಹಂಡೆಯ ತಳದ ವಾಲ್ವಿಗಿಂತ ಕೆಳಗೆ ಪಂಪಿಗೊಂದು ಕಟ್ಟೆ ಕಟ್ಟಿಸಿದೆ. ರಸ ತಾನಾಗಿ ಇಳಿದು ಅದರ ಬಾಯಿಗೆ ಬೀಳಬೇಕು.

ಮೂರಿಂಚಿನದು ವಾಪಸು ಹೋಗಿ ಒಂದೂವರೆ ಇಂಚಿನದು ಬಂತು. ಅದನ್ನು ನಡೆಸುವ ದಿನ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಹಾಸನೂರಿನ ಕಡೆಯಿಂದ ಬಂದ ಟೊಮೇಟೊ ಗಾಡಿ ಗೇಟಿನೊಳಗೆ ಬರುವವರೆಗೂ ಕಾಣಲಿಲ್ಲ. ಸಮಿತಿಯವರೆಲ್ಲ ಶಾಲು ಹೊದ್ದು ಬಂದು ಸಾಲಾಗಿ ನಿಂತರು. ಮಾವ ಕೈ ಕಟ್ಟಿಕೊಂಡು ಮುಂದೆ ನಿಂತರು. ಅಕ್ಕ ಹಂಡೆಯ ವಾಲ್ವು ತಿರುಗಿಸಿದಳು, ನಾನು ಗಾಳಿ ಬಿಟ್ಟೆ. ಟಕ್ ಟಕ್ ಎಂದು ಪಂಪು ಮಾತಾಡಲು ಶುರು ಮಾಡಿತು. ಅಟ್ಟಣೆಯ ಮೇಲೆ ಕೆಂಪಗೆ ರಸ ಬಿದ್ದಿತು.

ಅಲ್ಲಿಗೆ ಬಿಡಬೇಕಿತ್ತು. ಆದರೆ ಮಾವ, "ಇಷ್ಟೇನಾ? ಮೆಲ್ಲಗ ಬತ್ತಾ ಅದ" ಎಂದರು. ನನಗೆ ತಡೆಯಲಾಗಲಿಲ್ಲ. ಎರಡು ದಿನ ಕೂತು ಹಾಕಿದ ಲೆಕ್ಕವನ್ನು ಕಾಲಲ್ಲಿ ಒದ್ದು ಗಾಳಿಯ ತಿರುಪನ್ನು ಕೊನೆವರೆಗೂ ತಿರುಗಿಸಿಬಿಟ್ಟೆ. ಪಂಪು ಹುಚ್ಚು ಹಿಡಿದ ಹಾಗೆ ಓಡಿತು. ರಸ ಅಟ್ಟಣೆಯ ಮೇಲೆ ಧುಮುಕಿತು. ಸಮಿತಿಯವರು ಚಪ್ಪಾಳೆ ತಟ್ಟಿದರು, ನಾನು ಜಂಭದ ಕೋಳಿಯಾಗಿ ಮಾವನ ಕಡೆ ನೋಡಿದೆ. ನೋಡುತ್ತಿದ್ದ ಹಾಗೇ ಸದ್ದು ನಿಧಾನವಾಯಿತು. ಟಕ್... ಟಕ್... ನಿಂತಿತು.

ಮಾವ ಜೇಬಿನಿಂದ ಫೋನು ತೆಗೆದರು.

ಕೆಲಸ ಹೋಯಿತೆಂದೇ ಅಂದುಕೊಂಡೆ. ಹಂಡೆಯಲ್ಲಿ ಇನ್ನೂ ಅರ್ಧ ರಸ ಕುದಿಯುತ್ತಿತ್ತು. ಅಕ್ಕ ಹತ್ತಿರ ಬಂದು ಮೆಲ್ಲಗೆ, "ಅದು ಉಸ್ರು ಬುಡಾ ಜಾಗ ಬೆಳ್ಳಗದ, ನೋಡು ಕೂಸು" ಎಂದಳು. ಪಂಪಿನಿಂದ ಗಾಳಿ ಹೊರಗೆ ಹೋಗುವ ಮೂತಿಯ ಮೇಲೆ ಕೈಯಿಟ್ಟೆ. ಚಳಿಗೆ ಕೈ ಹಿಂದಕ್ಕೆ ಬಂತು. ಅಲ್ಲಿ ಹಿಮ ಕಟ್ಟಿತ್ತು. ಕುದಿಯುವ ಹಂಡೆಯ ಪಕ್ಕದಲ್ಲಿ ಹಿಮ!

ನನಗೆ ಎಲ್ಲ ಅರ್ಥವಾಯಿತು. ಮಂಜಿನ ಗಾಳಿಯನ್ನು ಕಂಪ್ರೆಸರು ನೀರಿನ ಸಮೇತ ತುಂಬಿಕೊಂಡಿತ್ತು. ಅತಿ ಒತ್ತಡದಲ್ಲಿ ಬಿಟ್ಟ ಗಾಳಿ ಹೊರಬೀಳುವಾಗ ಒಮ್ಮೆಲೇ ಹಿಗ್ಗಿ ತಣ್ಣಗಾಗಿ, ಆ ನೀರನ್ನು ಮೂತಿಯಲ್ಲೇ ಹೆಪ್ಪುಗಟ್ಟಿಸಿತ್ತು. ಪಂಪಿನದು ತಪ್ಪಿಲ್ಲ, ಅಳತೆಯದೂ ತಪ್ಪಿಲ್ಲ. ತಪ್ಪು ನನ್ನ ಜಂಭದ್ದು.

"ಮಾವ, ಎರಡು ನಿಮಿಷ ಕೊಡಿ. ಪಂಪು ಸರಿಯಾಗೇ ಅದ, ನಾನೇ ಸೊಕ್ಕಿಗ ಗಾಳಿ ಜಾಸ್ತಿ ಬುಟ್ಟೆ" ಎಂದೆ. ಆ ಮಾತು ಆಡುವುದು ನನಗೆ ಪಂಪು ಜೋಡಿಸುವುದಕ್ಕಿಂತ ಕಷ್ಟವಾಯಿತು. ಅವರು ಫೋನು ಹಚ್ಚದೆ ಕೈಯಲ್ಲೇ ಹಿಡಿದು ನಿಂತರು.

ಕಂಪ್ರೆಸರಿನ ತಳದ ನಲ್ಲಿ ಬಿಟ್ಟೆ. ಚೊಂಬುಗಟ್ಟಲೆ ನೀರು ಸುರಿಯಿತು. ಗಾಳಿಯ ದಾರಿಯಲ್ಲಿ ಕೂರಿಸಿದ್ದ ನೀರು ಹಿಡಿಯುವ ಬಟ್ಟಲನ್ನೂ ಬರಿದು ಮಾಡಿದೆ. ಅಕ್ಕ ಬಿಸಿನೀರಿನ ಬಟ್ಟೆಯನ್ನು ಮೂತಿಗೆ ಸುತ್ತಿ ಹಿಮ ಕರಗಿಸಿದಳು. ತಿರುಪನ್ನು ಲೆಕ್ಕ ಹೇಳಿದ ಮೂರು ಬಾರ್ ಒತ್ತಡಕ್ಕೇ ತಂದು ನಿಲ್ಲಿಸಿ, ದೇವರ ಹೆಸರು ಹೇಳಿ ಗಾಳಿ ಬಿಟ್ಟೆ.

ಟಕ್ ಟಕ್, ಟಕ್ ಟಕ್. ಅವಸರವಿಲ್ಲ, ಆಯಾಸವಿಲ್ಲ. ಕೊಳವೆ ಅಲುಗಲಿಲ್ಲ. ಪಕ್ಕದಲ್ಲಿ ಪೊಟ್ಟಣದ ಯಂತ್ರ ತನ್ನ ಪಾಡಿಗೆ ಪೊಟ್ಟಣ ಮುಚ್ಚುತ್ತಲೇ ಇತ್ತು. ಹಂಡೆಯ ತಳ ಕಾಣಿಸಿತು. ಬರೀ ಗಾಳಿ ಎಳೆದು ಪಂಪು ಸ್ವಲ್ಪ ಜೋರಾಗಿ ಕೂಗಿತು, ಸುಡಲಿಲ್ಲ. ಎರಡನೇ ಹಂಡೆ ಕುದಿಸಿದೆವು, ತುಂಬಿದ ಹಂಡೆ ಒಂಬತ್ತೂವರೆ ನಿಮಿಷಕ್ಕೆ ಖಾಲಿ. ಮೂರನೆಯದೂ ಹಾಗೆಯೇ. ಒಂದು ಬಕೆಟ್ಟೂ ಮೆಟ್ಟಿಲು ಹತ್ತಲಿಲ್ಲ. ಹೆಂಗಸರು ಸೆರಗು ಸಿಕ್ಕಿಸಿ ಸುಮ್ಮನೆ ನಿಂತು ನೋಡುತ್ತಿದ್ದರು, ಮಾಡಲು ಕೆಲಸವಿಲ್ಲದೆ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ? ನನ್ನ ಮದುವೆಯ ದಿನವೂ ಅಷ್ಟು ಹಿಗ್ಗಿರಲಿಲ್ಲ.

ಮಾವ ಅಟ್ಟಣೆ ಹತ್ತಿದರು. ರಸ ಬೀಳುವುದನ್ನು ತುಂಬಾ ಹೊತ್ತು ನೋಡಿದರು. ಇಳಿದು ಬಂದು ಪಂಪಿನ ಮೈ ಮುಟ್ಟಿದರು. ಆಮೇಲೆ ಎಲ್ಲರ ಮುಂದೆಯೇ ಫೋನು ಹಚ್ಚಿ ಕಿವಿಗಿಟ್ಟುಕೊಂಡರು. ಸತ್ಯಮಂಗಲದ ಆ ಇಂಜಿನಿಯರು ಎತ್ತಿದನೆಂದು ಕಾಣುತ್ತದೆ, ಮಾವ ತಮ್ಮ ತಮಿಳಿನಲ್ಲಿ ಗಟ್ಟಿಯಾಗಿ ಹೇಳಿದರು: "ತಂಬಿ, ನೀಂಗ ವರ ವೇಂಡಾಂ. ಎಂಗ ಇಂಜಿನಿಯರ್ ಇಂಗೇಯೇ ಇರುಕ್ಕಾಂಗ."

ನೀವು ಬರುವುದು ಬೇಡ, ನಮ್ಮ ಇಂಜಿನಿಯರ್ ಇಲ್ಲೇ ಇದ್ದಾರೆ ಎಂದು. ನಾನು ಬರೀ ಡಿಪ್ಲೊಮಾ ಓದಿದವಳು ಎಂದು ತಿದ್ದಲು ಬಾಯಿ ತೆರೆದೆ. ಜೀವನದಲ್ಲಿ ಅದೊಂದೇ ಸಲ, ಮಾವ ಹೇಳಿದ್ದನ್ನು ತಿದ್ದದೆ ಬಾಯಿ ಮುಚ್ಚಿಕೊಂಡೆ.