ಬೇಡವೆನ್ನಬೇಕಾದ ಪದಕ

ಹ್ಯಾಂಬರ್ಗ್ ಬಂದರಿನ ವ್ಯಾಪಾರಿಗೆ ಸರಕಾರದವರು ಪದಕ ಕೊಡುತ್ತೇವೆಂದರೆ ಅವನು ಮಾಡಬೇಕಾದ ಕೆಲಸ ಒಂದೇ, ಬೇಡವೆನ್ನುವುದು. ತಾತ ಮುತ್ತಾತಂದಿರ ಕಾಲದಿಂದಲೂ ಇದೇ ಪದ್ಧತಿ. ನಮ್ಮ ಮಾತು ನೆಟ್ಟಗಿದೆಯೆಂದು ಬಂದರಿನವರಿಗೆ ಗೊತ್ತು, ಅದಕ್ಕೆ ಹೊರಗಿನವರು ಬಂದು ಎದೆಗೆ ಬಿಲ್ಲೆ ಚುಚ್ಚಬೇಕಿಲ್ಲ ಎನ್ನುವ ಜನ ನಾವು. ನೋಡಿದವರು ಇದನ್ನು ವಿನಯವೆಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಇದಕ್ಕಿಂತ ದೊಡ್ಡ ಜಂಬ ಇನ್ನೊಂದಿಲ್ಲ.

ಹಾಗಾಗಿ ಒಣಹಣ್ಣಿನ ವ್ಯಾಪಾರಿ ಆಲ್ವಿನ್ ಕುಶೆಲ್‌ಗೆ ಪದಕದ ಸುದ್ದಿ ಬಂದದ್ದೂ, ಅದನ್ನು ಬೇಡವೆಂದದ್ದೂ ಒಂದೇ ಫೋನಿನಲ್ಲಿ ಮುಗಿದುಹೋಯಿತು. ಫೋನ್ ಮಾಡಿದವರು ವಾಣಿಜ್ಯ ಮಂಡಳಿಯ ಕಾರ್ಯದರ್ಶಿ ವೀಬ್ಕೆ ಹಾರ್ಮ್ಸ್.

"ಆಲ್ವಿನ್, ಒಂದು ಸಣ್ಣ ವಿಷಯ. ಇಷ್ಟು ವರ್ಷ ಬಿಟ್ಟಿ ಪಂಚಾಯ್ತಿ ಮಾಡಿದ್ರಲ್ಲ, ಅದಕ್ಕೆ ನಿಮಗೆ ಪದಕ ಕೊಡ್ತಾರಂತೆ. ತಲೆ ಕೆಡಿಸ್ಕೋಬೇಡಿ, ಬೇಡ ಅಂತ ಬರೆದು ಟೈಪ್ ಮಾಡ್ಸಿಟ್ಟಿದ್ದೀನಿ. ಗುರುವಾರ ಬಂದಾಗ ಒಂದು ಸಹಿ ಎಳೆದುಬಿಡಿ."

"ಸರಿ ವೀಬ್ಕೆ," ಎಂದ ಆಲ್ವಿನ್.

ಫೋನಿಟ್ಟವನು ಕನ್ನಡಿಯ ಮುಂದೆ ಹೋಗಿ ನಿಂತ. ಕೋಟಿನ ಎಡಗಡೆ ಜೇಬಿನಲ್ಲಿ ಪೆನ್ನಿತ್ತು. ಅದನ್ನು ತೆಗೆದು, ಎದೆ ಸ್ವಲ್ಪ ಮುಂದೆ ಮಾಡಿ, ಮತ್ತೊಮ್ಮೆ ನೋಡಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಗೇಶೆ ನಿಂತಿದ್ದಳು. ಕಂಡರೂ ಕಾಣದವಳ ಹಾಗೆ ಒಳಗೆ ಹೋದಳು.

ಆಲ್ವಿನ್ ಹುಟ್ಟಿದ್ದು ಆಗ ಜರ್ಮನಿಯ ಪೂರ್ವದ ಅಂಚಿನಲ್ಲಿದ್ದ ದೂರದ ಸೈಲೀಸಿಯಾದಲ್ಲಿ. ಎರಡನೇ ಮಹಾಯುದ್ಧ ಮುಗಿದು ಅವನ ಊರು ಬೇರೆ ದೇಶದ ಪಾಲಾದಾಗ ತಾಯಿ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ರೈಲು ಹತ್ತಿದಳು. ರೈಲು ಕೊನೆಗೆ ಹ್ಯಾಂಬರ್ಗಿನಲ್ಲಿ ನಿಂತಿತು, ಇವರೂ ಇಳಿದರು. ಅದು ಬಿಟ್ಟರೆ ಈ ಊರಿಗೂ ಅವನಿಗೂ ಬೇರೆ ನಂಟಿರಲಿಲ್ಲ. ನಿರಾಶ್ರಿತರ ತಗಡಿನ ಶೆಡ್ಡಿನಲ್ಲಿ ಬೆಳೆದ. ಶಾಲೆಯಲ್ಲಿ ಅವನು ಬಾಯಿ ಬಿಟ್ಟರೆ ಸಾಕು, ಆ ಕಡೆಯ ಉಚ್ಚಾರ ಕೇಳಿ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಸ್ವಲ್ಪ ಕಾಲ ಬಾಯಿಗೆ ಬೀಗ ಹಾಕಿಕೊಂಡಿದ್ದ. ಬೀಗ ತೆಗೆದಾಗ ಬಂದರಿನ ಮಾತು ಎಷ್ಟು ಸಲೀಸಾಗಿ ಬಂತೆಂದರೆ, ನಿಮ್ಮ ತಾತ ಯಾವ ಹಡಗಿನಲ್ಲಿದ್ದರು ಎಂದು ದೋಣಿಯವರೇ ಕೇಳತೊಡಗಿದರು. ಅವನು ಉತ್ತರ ಕೊಡದೆ ನಗುತ್ತಿದ್ದ.

ಕಾಲುವೆಯ ಪಕ್ಕದ ಕೆಂಪಿಟ್ಟಿಗೆಯ ಗೋದಾಮಿನಲ್ಲಿ ಕೆಲಸ ಕಲಿತು, ಬಾದಾಮಿ, ಅಂಜೂರ, ಒಣದ್ರಾಕ್ಷಿಯ ಸ್ವಂತ ವ್ಯಾಪಾರ ಹೂಡಿದ. ಕಡುನೀಲಿ ಕೋಟು, ಕೈಯಲ್ಲಿ ಛತ್ರಿ, ಅಳೆದು ತೂಗಿದ ಮಾತು, ಎಲ್ಲದರಲ್ಲೂ ಇಲ್ಲಿಯವರಿಗಿಂತ ಒಂದು ಕೈ ಮೇಲೆಯೇ ಆದ. ಮದುವೆಯಾದ ಗೇಶೆಯದೋ ಊರಿನ ಹಳೇ ಮನೆತನ. ಅವಳ ತಾತ ಚಕ್ರವರ್ತಿ ಕೊಟ್ಟ ಪದಕವನ್ನು ಬೇಡವೆಂದವರು. ಆ ಕಥೆಯನ್ನು ಅವರ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್ಸಿಗೂ ಹುರಿದ ಹೆಬ್ಬಾತಿನ ಜೊತೆಗೇ ಬಡಿಸುತ್ತಾರೆ.

ಇನ್ನು ಪಂಚಾಯಿತಿ. ಹಡಗಿನಿಂದ ಸರಕು ಇಳಿಯುತ್ತದೆ. ಕೊಂಡವನು ಇದು ಹೇಳಿದ ಹಾಗಿಲ್ಲ ಎನ್ನುತ್ತಾನೆ, ಮಾರಿದವನು ಹೇಳಿದ್ದಕ್ಕಿಂತ ಚೆನ್ನಾಗಿದೆ ಎನ್ನುತ್ತಾನೆ. ಕೋರ್ಟಿನ ತೀರ್ಪಿಗೆ ಕಾಯುತ್ತ ಕೂತರೆ ಅಂಜೂರದಲ್ಲಿ ಹುಳು ಮರಿ ಹಾಕಿರುತ್ತದೆ. ಅದಕ್ಕೇ ಇಬ್ಬರೂ ವಾಣಿಜ್ಯ ಮಂಡಳಿಗೆ ಬಂದು, ತಮ್ಮ ತಮ್ಮ ಪರ ಒಬ್ಬೊಬ್ಬ ವ್ಯಾಪಾರಿಯನ್ನು ಕೂರಿಸುತ್ತಾರೆ. ಅವರಿಬ್ಬರೂ ಒಪ್ಪಂದಕ್ಕೆ ಬಾರದಿದ್ದರೆ ಮಂಡಳಿ ಮೂರನೆಯವನನ್ನು ಕರೆಸುತ್ತದೆ, ಅವನು ಹೇಳಿದ್ದೇ ಕೊನೆ. ಒಣಹಣ್ಣಿನ ಜಗಳಗಳಲ್ಲಿ ಆ ಮೂರನೆಯ ಕುರ್ಚಿ ಆಲ್ವಿನ್‌ನದು.

ಅಲ್ಲಿ ಕೂತು ಅವನು ಗಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಒಮ್ಮೆ ತುರ್ಕಿಯ ಗಿರೆಸುನ್ ಕಡೆಯಿಂದ ಬಂದ ತೆಮೆಲ್ ಅಕ್ಸೋಯ್ ಎಂಬವನ ಹೇಜಲ್‌ನಟ್ ಬಗ್ಗೆ ತಕರಾರು ಬಂತು. ತೆಮೆಲ್ ಆಗ ಊರಿಗೆ ಹೊಸಬ, ಅವನನ್ನು ಬಲ್ಲವರಿಲ್ಲ. ಕೊಂಡವನು ಕ್ರೋಗರ್, ಬಂದರಿನ ದೊಡ್ಡ ಕುಳ, ಆಲ್ವಿನ್‌ನ ಗೆಳೆಯ, ಮೇಲಾಗಿ ಅವನ ದೊಡ್ಡ ಗಿರಾಕಿ. ಇದು ಹಳೇ ಮಾಲು, ಮುಗ್ಗಲು ವಾಸನೆ ಎಂದು ಅವನ ವಾದ. ಆಲ್ವಿನ್ ಕಾಯಿ ಒಡೆದ, ಮೂಸಿದ, ಅಗಿದ, ಆಮೇಲೆ ಹೋಗಿ ಕ್ರೋಗರ್‌ನ ಗೋದಾಮನ್ನೂ ಮೂಸಿ ಬಂದ. ಮಾಲು ಹೊಸದು, ವಾಸನೆ ಗೋದಾಮಿನದು ಎಂದು ತೀರ್ಪು ಕೊಟ್ಟ. ಕ್ರೋಗರ್ ಅವನ ಅಂಗಡಿಯ ಕಡೆ ತಲೆ ಹಾಕಿ ಮಲಗುವುದನ್ನೂ ಬಿಟ್ಟ. ಮಾತು ಮತ್ತೆ ಶುರುವಾಗಲು ವರ್ಷಗಳೇ ಹಿಡಿದವು.

ಗುರುವಾರ ಆಲ್ವಿನ್ ಮಂಡಳಿಯ ಮೆಟ್ಟಿಲು ಹತ್ತುವಾಗ ಎದುರಾದದ್ದು ಅದೇ ಕ್ರೋಗರ್. ಟೋಪಿ ತೆಗೆದು ಕೈ ಕುಲುಕಿದ.

"ಬೇಡ ಅಂತಿದ್ದೀರಂತೆ, ಕೇಳ್ದೆ. ಭೇಷ್ ಆಲ್ವಿನ್. ಈಗ ನೀವು ಪೂರ್ತಿ ನಮ್ಮವರಾದ್ರಿ."

ಕ್ರೋಗರ್ ಅದನ್ನು ಪ್ರೀತಿಯಿಂದಲೇ ಹೇಳಿದ್ದು. ಆದರೆ ಈಗ ಎಂಬ ಆ ಮಾತು ಆಲ್ವಿನ್‌ಗೆ ಚುಚ್ಚಿತು. ಹಾಗಾದರೆ ಇಷ್ಟು ದಿನ ತಾನು ಏನಾಗಿದ್ದೆ ಎಂದು ಯೋಚಿಸುತ್ತಲೇ ಮೇಲೆ ಹೋದ.

ಪಂಚಾಯಿತಿಯ ಕೋಣೆಯಲ್ಲಿ ವೀಬ್ಕೆ ಹಾಳೆಯನ್ನೂ ಪೆನ್ನನ್ನೂ ಮೇಜಿನ ಮೇಲಿಟ್ಟು ಕಾಯುತ್ತಿದ್ದರು. ಆಲ್ವಿನ್ ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಬಾಗಿಲು ತಳ್ಳಿಕೊಂಡು ತೆಮೆಲ್ ಬಂದ, ಎರಡೂ ಕೈಯಲ್ಲಿ ತುರ್ಕಿಯ ಸಿಹಿತಿಂಡಿ ಬಕ್ಲಾವಾದ ದೊಡ್ಡ ಡಬ್ಬಿ. ಹಿಂದೆ ಗೇಶೆ.

"ಮನೆಗೆ ಹೋದ್ರೆ ನೀವಿಲ್ಲ. ಅತ್ತಿಗೇನ ಕಾರಲ್ಲಿ ಕೂರಿಸ್ಕೊಂಡು ಬಂದ್ಬಿಟ್ಟೆ," ಎಂದ ತೆಮೆಲ್. "ಆಲ್ವಿನಣ್ಣ, ಪದಕಕ್ಕೆ ನಿಮ್ಮ ಹೆಸರು ಕಳ್ಸಿದ್ದು ಯಾರು ಅಂತ ಗೊತ್ತಾಯ್ತಾ? ನಾನೇ. ಎಷ್ಟು ಜನರ ಮನೆ ಬಾಗಿಲು ತಟ್ಟಿದೀನಿ ಗೊತ್ತಾ, ನಿಮ್ಮ ಬಗ್ಗೆ ನಾಕು ಮಾತು ಬರ್ಕೊಡಿ ಅಂತ."

ತೆಮೆಲ್ ಹಾಳೆಯತ್ತ ನೋಡಿದ, ಓದಿದ, ಮುಖ ಸಣ್ಣದಾಯಿತು.

"ಬೇಡ್ವಾ? ನಾನು ಕೊಡ್ಸಿದ್ದು ಅಂತಾನಾ?"

"ಹಾಗಲ್ಲ ತೆಮೆಲ್, ಇಲ್ಲಿ ಯಾರೂ ತಗೊಳ್ಳಲ್ಲ. ಪದ್ಧತಿ," ಎಂದರು ವೀಬ್ಕೆ.

"ಯಾವ ಪದ್ಧತಿ ಮೇಡಂ? ಕೊಟ್ಟಿದ್ದನ್ನ ಮುಖಕ್ಕೆ ಎಸೆಯೋದಾ?"

"ತಗೊಂಡ್ರೆ ನಾಳೆ ಇವರ ಬೆನ್ನ ಹಿಂದೆ ಏನಂತಾರೆ ಗೊತ್ತಾ ನಿಮಗೆ? ಎಷ್ಟಾದ್ರೂ ಹೊರಗಿನವನು ಅಂತಾರೆ."

"ತಗೊಳ್ದೇ ಇದ್ರೆ ನಾನೇನಂತೀನಿ ಅಂತ ನಿಮಗೆ ಗೊತ್ತಾ?"

ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಕಿತ್ತಾಡತೊಡಗಿದರು. ಗೇಶೆ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದಳು, ಮೇಜಿನ ತುದಿಯ ಮೂರನೆಯ ಕುರ್ಚಿ ಎಳೆದು ಕೂತಳು.

"ಸಾಕು ಮಾಡಿ ಇಬ್ರೂ," ಎಂದಳು. "ಮಾಲು ನೋಡ್ದೇನೇ ವಾದ ಮಾಡ್ತಿದ್ದೀರಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ಆಲ್ವಿನ್, ನಿನಗೆ ಬೇಕಾ?"

ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ.

"ನಿಮ್ಮ ತಾತ..." ಎಂದು ಶುರು ಮಾಡಿದ.

"ನಮ್ಮ ತಾತನ್ನ ಬಿಡು. ಅವರಿಗೆ ಮನೆಯಿತ್ತು, ಹಡಗಿತ್ತು, ಬೀದೀಲಿ ಹೋದ್ರೆ ಜನ ಎದ್ದು ನಿಲ್ತಿದ್ರು. ಎಲ್ಲ ಇದ್ದೋರಿಗೆ ಬೇಡ ಅನ್ನೋದು ಏನು ಕಷ್ಟ? ನಾನು ಕೇಳ್ತಿರೋದು ನಿನ್ನ."

ಆಲ್ವಿನ್ ಪೆನ್ನನ್ನು ಮೇಜಿನ ಮೇಲಿಟ್ಟ. ಎಷ್ಟೋ ಜನರ ಜಗಳದಲ್ಲಿ ಕಣ್ಣು ಮಿಟುಕಿಸದೆ ತೀರ್ಪು ಕೊಟ್ಟವನಿಗೆ ತನ್ನ ಒಂದು ಮಾತು ಹೊರಡಿಸಲು ಜೀವ ಬಾಯಿಗೆ ಬಂತು.

"ಬೇಕು," ಎಂದ. "ತುಂಬಾ ಬೇಕು ಗೇಶೆ. ನಾಚಿಕೆ ಆಗುವಷ್ಟು ಬೇಕು."

ತೆಮೆಲ್ ಕಣ್ಣೊರೆಸಿಕೊಂಡು ಡಬ್ಬಿಯ ಮುಚ್ಚಳ ತೆಗೆದ. ವೀಬ್ಕೆ ಹಾಳೆಯನ್ನು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ ಗೇಶೆಯ ಹತ್ತಿರ ಬಗ್ಗಿ ಕೇಳಿದರು: "ಪದಕ ಕೊಡೋ ದಿನ ನಾನೂ ಬರ್ಲಾ? ಬೇಡ ಅಂತ ಬರ್ಕೊಟ್ಟಿದ್ದೇ ಬರ್ಕೊಟ್ಟಿದ್ದು. ಕೊಡೋದನ್ನ ಒಂದ್ಸಲನೂ ಕಣ್ಣಾರೆ ನೋಡಿಲ್ಲ."

"ಬನ್ನಿ, ಈ ಸೀರಿಯಸ್ ಮುಖ ಮಾತ್ರ ಮನೇಲಿಟ್ಟು ಬನ್ನಿ," ಎಂದಳು ಗೇಶೆ.

ಕೆಳಗೆ ಹಜಾರದಲ್ಲಿ ಕ್ರೋಗರ್ ಇನ್ನೂ ಯಾರ ಜೊತೆಗೋ ಮಾತಾಡುತ್ತ ನಿಂತಿದ್ದ. ಈ ಸುದ್ದಿ ಬೇರೆಯವರ ಬಾಯಿಂದ ಅವನ ಕಿವಿಗೆ ಬೀಳುವುದು ಆಲ್ವಿನ್‌ಗೆ ಬೇಕಿರಲಿಲ್ಲ. ನೆಟ್ಟಗೆ ಹೋಗಿ ಎದುರು ನಿಂತ.

"ಕ್ರೋಗರ್, ನಾನು ಪದಕ ತಗೊಳ್ತಿದ್ದೀನಿ."

ಕ್ರೋಗರ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹಾಗಾದ್ರೆ ನೀವು ನಮ್ಮವರಲ್ಲ ಅಂತಾಯ್ತು."

ಆಲ್ವಿನ್ ಜೀವಮಾನವಿಡೀ ಹೆದರಿದ್ದು ಈ ಒಂದು ಮಾತಿಗೆ. ಬಂತು, ಕೇಳಿಸಿತು, ಏನೂ ಆಗಲಿಲ್ಲ.

"ಅಲ್ಲ," ಎಂದ ಅವನು. "ನಾನು ಸೈಲೀಸಿಯಾದವನು. ಬಂದು ಬಹಳ ದಿನ ಆಯ್ತು, ಅಷ್ಟೇ."

"ನಂದೂ ಅದೇ ಕಥೆ," ಎಂದ ಹಿಂದಿನಿಂದ ತೆಮೆಲ್, ಬಾಯಿ ತುಂಬ ಬಕ್ಲಾವಾ ಇಟ್ಟುಕೊಂಡು, ಡಬ್ಬಿಯನ್ನು ಕ್ರೋಗರ್‌ನ ಮುಂದೆ ಹಿಡಿಯುತ್ತ.